ಹಲಗೆ, ಕಟ್ಟು, ಮೊಣಕಾಲು: ಮಹಿಳೆಯರ ಆಲ್-ಮೌಂಟನ್ ಸ್ಕೀ ಆಯ್ಕೆಯ ವಿಜ್ಞಾನ

ಪರ್ವತದ ಇಳಿಜಾರಿನಲ್ಲಿ ಹಿಮದ ಮೇಲೆ ಜಾರುತ್ತ ಇಳಿಯುವ ಆಲ್ಪೈನ್ ಸ್ಕೀಯಿಂಗ್‌ನಲ್ಲಿ ದೇಹಕ್ಕೂ ಹಿಮಕ್ಕೂ ನಡುವೆ ಮೂರು ಸಾಧನಗಳಿರುತ್ತವೆ: ಪಾದವನ್ನೂ ಕಣಕಾಲನ್ನೂ ಅಲುಗಾಡದಂತೆ ಹಿಡಿಯುವ ಗಟ್ಟಿ ಪ್ಲಾಸ್ಟಿಕ್ಕಿನ ಬೂಟು, ತಳದಿಂದ ಜಾರುತ್ತ ಉಕ್ಕಿನ ಅಂಚಿನಿಂದ ಹಿಮವನ್ನು ಕಚ್ಚಿ ತಿರುಗುವ ಸ್ಕೀ ಎಂಬ ಉದ್ದನೆಯ ಹಲಗೆ, ಹಾಗೂ ಬೂಟನ್ನು ಆ ಹಲಗೆಗೆ ಬಿಗಿದು, ಕಾಲಿಗೆ ಅಪಾಯವಾಗುವಷ್ಟು ಬಲ ಬಿದ್ದಾಗ ಬಿಟ್ಟುಕೊಡುವ ಬೈಂಡಿಂಗ್ ಎಂಬ ಸ್ಪ್ರಿಂಗಿನ ಕಟ್ಟು. ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಪದಕ ಗೆದ್ದ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ವಿಭಾಗವಾದ ಕ್ರಾಸ್-ಕಂಟ್ರಿ ಸ್ಕೀಯಿಂಗ್‌ನಲ್ಲಿ ಬೂಟಿನ ತುದಿಯಷ್ಟೇ ಹಲಗೆಗೆ ಅಂಟಿಕೊಂಡು ಹಿಮ್ಮಡಿ ಮೇಲೇಳುತ್ತಿರುತ್ತದೆ. ಮನಾಲಿಯ ಆಂಚಲ್ ಠಾಕೂರ್ 2018ರಲ್ಲಿ ಟರ್ಕಿಯಲ್ಲಿ ಕಂಚಿನ ಪದಕ ಪಡೆದ ಆಲ್ಪೈನ್ ವಿಭಾಗದಲ್ಲಾದರೋ ಹಿಮ್ಮಡಿಯೂ ಬಂಧಿತವಾಗಿರುತ್ತದೆ. ಹಿಮ್ಮಡಿ ಬಂಧಿತವಾದುದರಿಂದಲೇ ಆಲ್ಪೈನ್ ಸ್ಕೀಯರ್‌ಗೆ ವೇಗದಲ್ಲಿ ನಿಖರ ನಿಯಂತ್ರಣ ಸಿಗುತ್ತದೆ, ಬಿದ್ದಾಗ ಮೊಣಕಾಲು ಅಪಾಯಕ್ಕೆ ಸಿಲುಕುವುದೂ ಅದೇ ಕಾರಣದಿಂದ.

ಆಲ್ಪೈನ್ ಸ್ಕೀಗಳಲ್ಲಿ ಹಲವು ಬಗೆಗಳಿವೆ. ಯಂತ್ರದಿಂದ ಸಮಗೊಳಿಸಿದ ಗಟ್ಟಿ ಹಿಮಕ್ಕೆ ಕಿರಿದಾದ ಕಾರ್ವಿಂಗ್ ಸ್ಕೀ ಇದೆ, ಆಗಷ್ಟೇ ಬಿದ್ದ ಆಳವಾದ ಪುಡಿಹಿಮಕ್ಕೆ ಅಗಲವಾದ ಪೌಡರ್ ಸ್ಕೀ ಇದೆ. ಇವೆರಡರ ನಡುವೆ ನಿಂತು, ಒಂದೇ ದಿನದಲ್ಲಿ ಎದುರಾಗಬಹುದಾದ ಗಟ್ಟಿ ಹಿಮ, ತುಳಿದು ಕೆಟ್ಟ ಹಿಮ, ಮರಗಳ ನಡುವಿನ ಮೆತ್ತನೆಯ ಹಿಮ ಎಲ್ಲದರಲ್ಲೂ ಸಾಕಷ್ಟು ಚೆನ್ನಾಗಿ ನಡೆದುಕೊಳ್ಳುವಂತೆ ರೂಪಿಸಿದ್ದು ಆಲ್-ಮೌಂಟನ್ ಸ್ಕೀ. ಇದರ ಮಹಿಳಾ ಮಾದರಿಗಳೆಂದು ಅಂಗಡಿಗಳಲ್ಲಿ ಪ್ರತ್ಯೇಕ ಸಾಲೇ ಇರುತ್ತದೆ. ಆ ಹಣೆಪಟ್ಟಿಯ ಹಿಂದೆ ಭೌತವಿಜ್ಞಾನ ಎಷ್ಟಿದೆ, ಬಣ್ಣ ಮತ್ತು ರೂಢಿ ಎಷ್ಟಿದೆ ಎಂಬುದನ್ನು ಬೇರ್ಪಡಿಸಿ ನೋಡದೆ ಸರಿಯಾದ ಆಯ್ಕೆ ಸಾಧ್ಯವಿಲ್ಲ.

ಅಗಲ: ತೇಲುವುದಕ್ಕೂ ಕಚ್ಚುವುದಕ್ಕೂ ನಡುವಿನ ಹೊಂದಾಣಿಕೆ

ಸ್ಕೀಯನ್ನು ಮೇಲಿನಿಂದ ನೋಡಿದರೆ ಮುಂತುದಿ ಮತ್ತು ಹಿಂತುದಿ ಅಗಲವಾಗಿದ್ದು, ಬೂಟು ನಿಲ್ಲುವ ನಡುಭಾಗ ಕಿರಿದಾಗಿರುತ್ತದೆ. ಈ ಕಿರಿದಾದ ಭಾಗದ ಅಗಲಕ್ಕೆ ಸೊಂಟದಳತೆ ಎನ್ನುತ್ತಾರೆ, ಮತ್ತು ಸ್ಕೀಯ ಸ್ವಭಾವವನ್ನು ಒಂದೇ ಸಂಖ್ಯೆಯಲ್ಲಿ ಹೇಳಬೇಕೆಂದರೆ ತಯಾರಕರು ಹೇಳುವುದು ಇದನ್ನೇ. ಕಾರ್ವಿಂಗ್ ಸ್ಕೀಗಳ ಸೊಂಟ ಸಾಮಾನ್ಯವಾಗಿ 65ರಿಂದ 75 ಮಿ.ಮೀ., ಆಲ್-ಮೌಂಟನ್ ಸ್ಕೀಗಳದ್ದು 80ರಿಂದ 100 ಮಿ.ಮೀ., ಪೌಡರ್ ಸ್ಕೀಗಳದ್ದು 105 ಮಿ.ಮೀ.ಗೂ ಹೆಚ್ಚು.

ಅಗಲದ ಮೊದಲ ಪರಿಣಾಮ ಒತ್ತಡದ ಮೇಲೆ. 60 ಕಿಲೋಗ್ರಾಂ ತೂಕದ ಮಹಿಳೆ ಹಿಮದ ಮೇಲೆ ಹಾಕುವ ಭಾರ ಸುಮಾರು 590 ನ್ಯೂಟನ್, 160 ಸೆಂ.ಮೀ. ಉದ್ದದ, ಸರಾಸರಿ 10 ಸೆಂ.ಮೀ. ಅಗಲದ ಎರಡು ಸ್ಕೀಗಳ ಒಟ್ಟು ತಳ 0.32 ಚದರ ಮೀಟರ್ ಆಗುವುದರಿಂದ, ಹಿಮದ ಮೇಲಿನ ಒತ್ತಡ ಚದರ ಮೀಟರಿಗೆ ಸುಮಾರು 1,850 ನ್ಯೂಟನ್‌ಗೆ ಇಳಿಯುತ್ತದೆ. ಬರಿಯ ಬೂಟಿನಲ್ಲಿ ಸೊಂಟದವರೆಗೆ ಹೂತುಹೋಗುವ ಹಿಮದ ಮೇಲೆ ಸ್ಕೀ ತೇಲುವುದು ಹೀಗೆ. ಇದೇ ಸ್ಕೀಗಳ ಮೇಲೆ 85 ಕಿಲೋಗ್ರಾಂ ತೂಕದ ಪುರುಷ ನಿಂತರೆ ಒತ್ತಡ ಶೇಕಡಾ 40ರಷ್ಟು ಹೆಚ್ಚುತ್ತದೆ. ಅಂದರೆ ಅವನಿಗೆ ಅಗಲವಾದ ಸ್ಕೀ ಕೊಡುವಷ್ಟು ತೇಲುವಿಕೆಯನ್ನು ಹಗುರ ದೇಹದವರು ಇನ್ನೂ ಕಿರಿದಾದ ಸ್ಕೀಯಲ್ಲೇ ಪಡೆಯುತ್ತಾರೆ. ಮಹಿಳೆಯರ ಆಲ್-ಮೌಂಟನ್ ಮಾದರಿಗಳಲ್ಲಿ 84ರಿಂದ 98 ಮಿ.ಮೀ. ಸೊಂಟವೇ ಹೆಚ್ಚು ಕಾಣುವುದಕ್ಕೆ ಈ ಲೆಕ್ಕದ ಬೆಂಬಲವಿದೆ.

ಎರಡನೆಯ ಪರಿಣಾಮ ಗಟ್ಟಿ ಹಿಮದಲ್ಲಿ ಗೋಚರಿಸುತ್ತದೆ. ತಿರುವಿನಲ್ಲಿ ಸ್ಕೀ ಒಂದು ಅಂಚಿನ ಮೇಲೆ ವಾಲಿಕೊಂಡಾಗ ಹಿಮದ ಪ್ರತಿಬಲ ಆ ಅಂಚಿಗೆ ಬೀಳುತ್ತದೆಯೇ ಹೊರತು ಪಾದದ ನಡುವಿಗಲ್ಲ, 75 ಮಿ.ಮೀ. ಸ್ಕೀಯಲ್ಲಿ ಅಂಚು ಪಾದದ ನಡುಗೆರೆಯಿಂದ 37.5 ಮಿ.ಮೀ. ದೂರದಲ್ಲಿದ್ದರೆ, 100 ಮಿ.ಮೀ. ಸ್ಕೀಯಲ್ಲಿ 50 ಮಿ.ಮೀ. ದೂರದಲ್ಲಿರುತ್ತದೆ, ಆದ್ದರಿಂದ ಸ್ಕೀಯನ್ನು ಚಪ್ಪಟೆಯಾಗಿಸಲು ಯತ್ನಿಸುವ ತಿರುಗುಬಲ ಮೂರನೇ ಒಂದರಷ್ಟು ಹೆಚ್ಚಾಗಿ, ಅದನ್ನು ತಡೆದು ನಿಲ್ಲಿಸುವ ಹೊಣೆ ಕಣಕಾಲು ಮತ್ತು ಮೊಣಕಾಲಿನ ಮೇಲೆ ಬೀಳುತ್ತದೆ. ಸ್ಲೊವೇನಿಯಾದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಸೊಂಟದಳತೆ ಬದಲಾದಂತೆ ತಿರುವಿನಲ್ಲಿ ಮೊಣಕಾಲು ಮಡಿಯುವ ಮತ್ತು ಹೊರಳುವ ರೀತಿಯೂ ಬದಲಾಗುತ್ತದೆಂದು ತೋರಿಸಿತು. ಆದ್ದರಿಂದ ಹೆಚ್ಚು ಅಗಲವಿದ್ದರೆ ಹೆಚ್ಚು ಒಳ್ಳೆಯದೆಂಬ ಎಣಿಕೆ ಸರಿಯಲ್ಲ. ವರ್ಷದ ಬಹುಪಾಲು ದಿನ ಸಮಗೊಳಿಸಿದ ಇಳಿಜಾರಿನಲ್ಲೇ ಇರುವವರಿಗೆ 80ರಿಂದ 88 ಮಿ.ಮೀ., ಗಟ್ಟಿ ಹಿಮ ಮತ್ತು ಮೆತ್ತನೆಯ ಹಿಮ ಎರಡನ್ನೂ ಸಮವಾಗಿ ಬಯಸುವವರಿಗೆ 88ರಿಂದ 95 ಮಿ.ಮೀ., ಕಾಶ್ಮೀರದ ಗುಲ್ಮಾರ್ಗ್‌ನ ಅಫರ್ವತ್ ಶಿಖರದ ಇಳಿಜಾರುಗಳಂಥ ಆಳವಾದ ಪುಡಿಹಿಮದಲ್ಲಿ ಕಾಲ ಕಳೆಯುವವರಿಗೆ 95ರಿಂದ ಮೇಲಕ್ಕೆ ಎಂಬುದು ಭೌತವಿಜ್ಞಾನಕ್ಕೂ ಅನುಭವಕ್ಕೂ ಒಪ್ಪುವ ಹಂಚಿಕೆ. ಉತ್ತರಾಖಂಡದ ಔಲಿಯಂತೆ ಸಮಗೊಳಿಸಿದ ಒಂದೇ ದೊಡ್ಡ ಇಳಿಜಾರಿನಲ್ಲಿ ಕಲಿಯುವವರಿಗೆ ಕಿರಿದಾದುದೇ ಒಳ್ಳೆಯ ಗುರು.

ಬಾಗು: ತಿರುವು ಹುಟ್ಟುವ ಬಗೆ

ಎರಡು ತುದಿ ಅಗಲವಾಗಿ ನಡು ಕಿರಿದಾಗಿರುವುದರಿಂದ ಸ್ಕೀಯ ಪಕ್ಕದ ಅಂಚು ಒಂದು ದೊಡ್ಡ ವೃತ್ತದ ತುಣುಕಿನಂತಿರುತ್ತದೆ. ಈ ಪಕ್ಕದ ಬಾಗನ್ನು ಸೈಡ್‌ಕಟ್ ಎಂದೂ ಆ ವೃತ್ತದ ತ್ರಿಜ್ಯವನ್ನು ಸೈಡ್‌ಕಟ್ ತ್ರಿಜ್ಯ ಎಂದೂ ಕರೆಯುತ್ತಾರೆ. 1980ರ ದಶಕದ ಸ್ಕೀಗಳಲ್ಲಿ ಈ ತ್ರಿಜ್ಯ 40 ಮೀಟರಿಗೂ ಮಿಕ್ಕಿ ಇರುತ್ತಿದ್ದುದರಿಂದ, ತಿರುಗಬೇಕೆಂದರೆ ಸ್ಕೀಯರ್ ತನ್ನ ಬಲದಿಂದ ಹಲಗೆಯನ್ನು ಪಕ್ಕಕ್ಕೆ ಜಾರಿಸಬೇಕಾಗಿತ್ತು. ಸ್ಲೊವೇನಿಯಾದ ಎಲಾನ್ ಸಂಸ್ಥೆಯಲ್ಲಿ ಯೂರಿ ಫ್ರಾಂಕೊ ಮತ್ತು ಪಾವೆಲ್ ಶ್ಕೋಫಿಟ್ಸ್ ರೂಪಿಸಿ 1993ರ ಸುಮಾರಿಗೆ ಹೊರಬಂದ ಎಸ್‌ಸಿಎಕ್ಸ್ ಎಂಬ ಆಳವಾದ ಬಾಗಿನ ಸ್ಕೀ ಈ ಸ್ಥಿತಿಯನ್ನು ಬದಲಿಸಿತು, ಮತ್ತು ಒಂದು ದಶಕದೊಳಗೆ ಹಳೆಯ ನೇರ ಸ್ಕೀಗಳು ಅಂಗಡಿಗಳಿಂದ ಮರೆಯಾದವು.

ಇಂದಿನ ಮಹಿಳಾ ಆಲ್-ಮೌಂಟನ್ ಸ್ಕೀಗಳ ತ್ರಿಜ್ಯ ಹೆಚ್ಚಾಗಿ 13ರಿಂದ 17 ಮೀಟರಿನೊಳಗಿರುತ್ತದೆ. ಸ್ಕೀಯನ್ನು ವಾಲಿಸಿ ಒತ್ತಿದಾಗ ಅದು ಬಾಗಿ, ಅಂಚು ಪೂರ್ತಿ ಉದ್ದಕ್ಕೂ ಹಿಮವನ್ನು ಮುಟ್ಟುತ್ತದೆ. ಆಗ ಸಿಗುವ ತಿರುವಿನ ತ್ರಿಜ್ಯ, ಗಟ್ಟಿ ಹಿಮದ ಮಟ್ಟಿಗೆ, ಸೈಡ್‌ಕಟ್ ತ್ರಿಜ್ಯವನ್ನು ವಾಲಿಕೆಯ ಕೋನದ ಕೊಸೈನ್‌ನಿಂದ ಗುಣಿಸಿದಷ್ಟಾಗಿರುತ್ತದೆ. 15 ಮೀಟರ್ ತ್ರಿಜ್ಯದ ಸ್ಕೀಯನ್ನು 45 ಡಿಗ್ರಿ ವಾಲಿಸಿದರೆ ಸುಮಾರು 10.6 ಮೀಟರಿನ ತಿರುವೂ, 60 ಡಿಗ್ರಿ ವಾಲಿಸಿದರೆ 7.5 ಮೀಟರಿನ ತಿರುವೂ ಹುಟ್ಟುತ್ತದೆ. ಆದರೆ ಈ ಸೂತ್ರದಲ್ಲಿ ಒಂದು ಷರತ್ತು ಅಡಗಿದೆ: ಸ್ಕೀ ಬಾಗಬೇಕು. ತನ್ನ ತೂಕಕ್ಕೆ ಬಾಗದಷ್ಟು ಬಿಗಿಯಾದ ಹಲಗೆಯ ಮೇಲೆ ನಿಂತಾಕೆಗೆ ಕಾಗದದ ಮೇಲಿನ ತ್ರಿಜ್ಯದಿಂದ ಪ್ರಯೋಜನವಿಲ್ಲ.

ಪಕ್ಕದಿಂದ ನೋಡಿದಾಗ ಕಾಣುವ ಬಾಗು ಬೇರೆಯದು. ನೆಲದ ಮೇಲಿಟ್ಟ ಸ್ಕೀಯ ನಡುಭಾಗ ಕಮಾನಿನಂತೆ ತುಸು ಮೇಲೆದ್ದಿದ್ದರೆ ಅದು ಕ್ಯಾಂಬರ್. ತುದಿಗಳೇ ಬೇಗನೆ ಮೇಲಕ್ಕೆ ಬಾಗಿದ್ದರೆ ಅದು ರಾಕರ್. ಕ್ಯಾಂಬರ್ ಇರುವ ಸ್ಕೀ ಸ್ಕೀಯರ್‌ನ ಭಾರವನ್ನು ತುದಿಗಳವರೆಗೆ ಹಂಚಿ ಗಟ್ಟಿ ಹಿಮದಲ್ಲಿ ಹಿಡಿತ ಕೊಟ್ಟರೆ, ರಾಕರ್ ಇರುವ ತುದಿ ಮೆತ್ತನೆಯ ಹಿಮದೊಳಗೆ ಹೂತುಹೋಗದೆ ಮೇಲೇರುತ್ತದೆ ಮತ್ತು ತಿರುವಿನ ಆರಂಭವನ್ನು ಸಡಿಲಗೊಳಿಸುತ್ತದೆ. ಪೂರ್ತಿ ತಿರುಗುಮುರುಗಾಗಿ ಬಾಗಿದ ಸ್ಕೀಯ ಕಲ್ಪನೆಯನ್ನು ಸ್ಕೀಯರ್ ಶೇನ್ ಮೆಕಾಂಕಿ ಮುಂದಿಟ್ಟಿದ್ದು, ಅದು 2000ದ ದಶಕದ ಆರಂಭದಲ್ಲಿ ವೋಲಂಟ್ ಸ್ಪಾಟುಲಾ ಎಂಬ ಹೆಸರಿನಲ್ಲಿ ಬಂದಾಗ ವಿಚಿತ್ರವೆನಿಸಿದ್ದರೂ, ಇಂದು ಬಹುತೇಕ ಎಲ್ಲ ಆಲ್-ಮೌಂಟನ್ ಸ್ಕೀಗಳ ಮುಂತುದಿಯಲ್ಲಿ ರಾಕರ್, ಬೂಟಿನ ಅಡಿ ಕ್ಯಾಂಬರ್ ಇರುತ್ತದೆ.

ಉದ್ದದ ಆಯ್ಕೆಗೂ ಇದರ ನಂಟಿದೆ. ಗಲ್ಲದ ಮಟ್ಟದಿಂದ ಹಣೆಯ ಮಟ್ಟದವರೆಗಿನ ಉದ್ದ ಎಂಬ ಹಳೆಯ ನಿಯಮ ಇಂದಿಗೂ ಒಳ್ಳೆಯ ಆರಂಭವೇ, ಅಂದರೆ 165 ಸೆಂ.ಮೀ. ಎತ್ತರದ ಮಹಿಳೆಗೆ ಸುಮಾರು 145ರಿಂದ 160 ಸೆಂ.ಮೀ.; ಆದರೆ ರಾಕರ್ ಇರುವ ತುದಿ ಗಟ್ಟಿ ಹಿಮವನ್ನು ಮುಟ್ಟದೆ ಹೋಗುವುದರಿಂದ ಅಂಥ ಸ್ಕೀಯನ್ನು ಕೆಲವು ಸೆಂಟಿಮೀಟರ್ ಉದ್ದವಾಗಿಯೇ ಆರಿಸಬೇಕಾಗುತ್ತದೆ. ಇದಕ್ಕಿಂತ ಮುಖ್ಯವಾದುದೆಂದರೆ, ಸ್ಕೀಗೆ ತನ್ನ ಮೇಲೆ ನಿಂತವರ ಎತ್ತರದ ಅರಿವಿಲ್ಲ, ತೂಕ ಮತ್ತು ವೇಗದ ಅರಿವಷ್ಟೇ ಇದೆ. ಒಂದೇ ಎತ್ತರದ ಇಬ್ಬರು ಮಹಿಳೆಯರಲ್ಲಿ 75 ಕಿಲೋಗ್ರಾಂ ತೂಕದ, ವೇಗವಾಗಿ ಇಳಿಯುವಾಕೆಗೆ ಸರಿಹೊಂದುವ ಉದ್ದ 52 ಕಿಲೋಗ್ರಾಂ ತೂಕದ ನಿಧಾನಗತಿಯಾಕೆಗೆ ಹೊರೆಯಾಗುತ್ತದೆ.

ಒಡಲು: ಮಹಿಳಾ ಮಾದರಿಯೆಂಬುದರ ಅರ್ಥ

ಅಮೆರಿಕದ ವಿಮಾನ ಎಂಜಿನಿಯರ್ ಹೊವರ್ಡ್ ಹೆಡ್ 1950ರ ಸುಮಾರಿಗೆ ಮರದ ತಿರುಳನ್ನು ಅಲ್ಯೂಮಿನಿಯಂ ಹಾಳೆಗಳ ನಡುವೆ ಇಟ್ಟು ಅಂಟಿಸಿದ ಸ್ಕೀಯನ್ನು ಮಾರುಕಟ್ಟೆಗೆ ತಂದ ಮೇಲೆ ಪದರಗಳ ರಚನೆಯೇ ಸ್ಕೀ ನಿರ್ಮಾಣದ ದಾರಿಯಾಯಿತು. ಇಂದಿಗೂ ಒಳ್ಳೆಯ ಸ್ಕೀಯ ನಡುವೆ ಬೀಚ್, ಪಾಪ್ಲರ್, ಪೌಲೋನಿಯಾದಂಥ ಮರದ ತಿರುಳಿರುತ್ತದೆ, ಅದರ ಮೇಲೂ ಕೆಳಗೂ ಗಾಜಿನ ನಾರು ಅಥವಾ ಕಾರ್ಬನ್ ನಾರಿನ ಪದರಗಳಿರುತ್ತವೆ, ಕೆಲವು ಮಾದರಿಗಳಲ್ಲಿ ಟೈಟನಾಲ್ ಎಂಬ ಲೋಹದ ಹಾಳೆಯೂ ಇರುತ್ತದೆ. ಹೆಸರು ಟೈಟಾನಿಯಮ್ಮನ್ನು ನೆನಪಿಸಿದರೂ ಟೈಟನಾಲ್ ಮೂಲತಃ ಆಸ್ಟ್ರಿಯಾದಲ್ಲಿ ತಯಾರಾಗುವ ಅಲ್ಯೂಮಿನಿಯಂ ಮಿಶ್ರಲೋಹ. ಅದು ಸ್ಕೀಯ ತಿರುಚುಬಿಗಿಯನ್ನು, ಅಂದರೆ ತುದಿಯನ್ನು ಹಿಡಿದು ಹಿಂಡಿದರೆ ತಿರುಚಿಕೊಳ್ಳದೆ ನಿಲ್ಲುವ ಗುಣವನ್ನು, ಹೆಚ್ಚಿಸುತ್ತದೆ, ವೇಗದಲ್ಲಿ ಹುಟ್ಟುವ ಕಂಪನವನ್ನು ತಗ್ಗಿಸುತ್ತದೆ, ಜೊತೆಗೆ ತೂಕವನ್ನೂ ಕೂಡಿಸುತ್ತದೆ.

ಹಲಗೆಯ ಬಾಗುಬಿಗಿ ಅದರ ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ಇಲ್ಲಿ ಮುಖ್ಯವಾಗುತ್ತದೆ: ಆ ದಪ್ಪವನ್ನು ಶೇಕಡಾ 10ರಷ್ಟು ಇಳಿಸಿದರೆ ಬಿಗಿ ಶೇಕಡಾ 27ರಷ್ಟು ಇಳಿದುಬಿಡುತ್ತದೆ. ಆದ್ದರಿಂದ ಹಗುರ ದೇಹಕ್ಕೆಂದು ಸ್ಕೀಯನ್ನು ಹೊಂದಿಸುವುದು ದೊಡ್ಡ ಮಾರ್ಪಾಡಿನ ಕೆಲಸವಲ್ಲ, ನಾಜೂಕಾದ ಮಾರ್ಪಾಡಿನ ಕೆಲಸ, ಮತ್ತು ಹೆಚ್ಚು ಇಳಿಸಿದರೆ ವೇಗದಲ್ಲಿ ನಡುಗುವ, ಗಟ್ಟಿ ಹಿಮದಲ್ಲಿ ಜಾರಿಹೋಗುವ ಸ್ಕೀ ಉಳಿಯುತ್ತದೆ. ಮಹಿಳಾ ಮಾದರಿಗಳ ಆರಂಭದ ದಿನಗಳಲ್ಲಿ ಇಂಥ ತೀರ ಮೆತ್ತನೆಯ ಸ್ಕೀಗಳೇ ಹೆಚ್ಚಾಗಿದ್ದುದರಿಂದ, ನುರಿತ ಮಹಿಳೆಯರು ಪುರುಷರ ಮಾದರಿಗಳನ್ನೇ ಕೊಳ್ಳಬೇಕಾದ ಸ್ಥಿತಿ ಇತ್ತು. ಮಹಿಳೆಯರ ದೇಹಕ್ಕೆ ತಕ್ಕ ಸಾಧನ ಬೇಕೆಂದು ದಶಕಗಳ ಕಾಲ ವಾದಿಸಿದ ಅಮೆರಿಕದ ಜೀನಿ ಥೋರೆನ್ ಅವರಂಥವರ ಒತ್ತಾಯದಿಂದಲೂ, ವಿನ್ಯಾಸದ ತಂಡಗಳಲ್ಲಿ ಮಹಿಳೆಯರು ಸೇರಿದ್ದರಿಂದಲೂ ಈ ಸ್ಥಿತಿ ಬದಲಾಗಿದೆ. ಇಟಲಿಯ ನಾರ್ಡಿಕಾ ಸಂಸ್ಥೆಯ ಎನ್‌ಫೋರ್ಸರ್ ಮತ್ತು ಸಾಂಟಾ ಆನಾ ಸರಣಿಗಳ ಹೋಲಿಕೆ ಇದನ್ನು ಸ್ಪಷ್ಟಪಡಿಸುತ್ತದೆ: ಮೊದಲನೆಯದರಲ್ಲಿ ಎರಡು ಲೋಹದ ಹಾಳೆಗಳಿದ್ದ ಕಾಲದಲ್ಲಿ ಎರಡನೆಯದಾದ ಮಹಿಳಾ ಸರಣಿಯಲ್ಲಿ ಒಂದೇ ಹಾಳೆ ಇಟ್ಟು, ತೂಕವನ್ನು ಇಳಿಸಿಯೂ ಹಿಡಿತವನ್ನು ಬಿಟ್ಟುಕೊಡದ ಸ್ಕೀಯನ್ನು ಪಡೆಯಲಾಯಿತು. ಜರ್ಮನಿಯ ಫೋಲ್ಕ್ಲ್ ಸಂಸ್ಥೆ ಇನ್ನೂ ಮುಂದೆ ಹೋಗಿ ಸ್ಕೀಯ ಪ್ರತಿಯೊಂದು ಉದ್ದಕ್ಕೂ ಲೋಹದ ಚೌಕಟ್ಟನ್ನು ಬೇರೆಬೇರೆಯಾಗಿ ಕತ್ತರಿಸುವ ವಿಧಾನವನ್ನು ಅಳವಡಿಸಿತು. ಲಿಂಗಕ್ಕಿಂತ ಅಳತೆಯನ್ನು ಆಧಾರವಾಗಿಟ್ಟುಕೊಳ್ಳುವ ಈ ವಿಧಾನವೇ ವೈಜ್ಞಾನಿಕವಾಗಿ ಹೆಚ್ಚು ಸಮರ್ಥನೀಯ.

ಮಹಿಳೆಯರ ಗುರುತ್ವಕೇಂದ್ರ ಎತ್ತರದ ಅನುಪಾತದಲ್ಲಿ ಪುರುಷರಿಗಿಂತ ತುಸು ಕೆಳಗಿರುತ್ತದೆ, ಸೊಂಟದ ಮೂಳೆಯ ಅಗಲದಿಂದಾಗಿ ತೊಡೆಯ ಮೂಳೆ ಮೊಣಕಾಲಿಗೆ ಸೇರುವ ಕೋನ ಕೆಲವು ಡಿಗ್ರಿ ಹೆಚ್ಚಿರುತ್ತದೆ, ಮೀನಖಂಡದ ಸ್ನಾಯು ಕೆಳಗಿನವರೆಗೆ ಚಾಚಿರುತ್ತದೆ ಎಂಬ ಸರಾಸರಿ ವ್ಯತ್ಯಾಸಗಳನ್ನು ವಿನ್ಯಾಸಕಾರರು ಮುಂದಿಡುತ್ತಾರೆ. ಇವು ನಿಜವೇ ಆದರೂ ಸರಾಸರಿಗಳ ನಡುವಿನ ಅಂತರ ಚಿಕ್ಕದು, ಮಹಿಳೆಯರಲ್ಲೇ ಒಬ್ಬರಿಂದೊಬ್ಬರಿಗೆ ಇರುವ ವ್ಯತ್ಯಾಸ ದೊಡ್ಡದು. ಈ ಕಾರಣಗಳನ್ನು ಕೊಟ್ಟು ಹಲವು ಮಹಿಳಾ ಸ್ಕೀಗಳಲ್ಲಿ ಬೈಂಡಿಂಗ್ ಕೂರಿಸುವ ಗುರುತನ್ನು ಒಂದೆರಡು ಸೆಂಟಿಮೀಟರ್ ಮುಂದಕ್ಕೆ ಹಾಕಿರುತ್ತಾರೆ. ಬೂಟು ಮುಂದೆ ಸರಿದಷ್ಟೂ ತಿರುವು ಸುಲಭವಾಗಿ ಆರಂಭವಾಗುತ್ತದೆ, ಆದರೆ ಮುಂತುದಿ ಗಿಡ್ಡವಾಗಿ ಪುಡಿಹಿಮದಲ್ಲಿ ತೇಲುವಿಕೆ ಕುಗ್ಗುತ್ತದೆ. ತಯಾರಕರ ಗುರುತಿನ ಮೇಲೆಯೇ ಕೂರಿಸುವುದು ಹೆಚ್ಚಿನವರಿಗೆ ಸರಿ.

ತೂಕ, ಬಲ, ವೇಗ, ತಂತ್ರ ಈ ನಾಲ್ಕರಲ್ಲಿ ಮಧ್ಯಮ ವ್ಯಾಪ್ತಿಗೆ ಸೇರುವ ಮಹಿಳೆಗೆ ಒಳ್ಳೆಯ ಮಹಿಳಾ ಮಾದರಿ ನೇರವಾಗಿ ಹೊಂದುತ್ತದೆ. ಎತ್ತರವಾದ, ಬಲಿಷ್ಠ, ವೇಗದ ಸ್ಕೀಯರ್ ಪುರುಷರ ಸಾಲಿನಿಂದ ಆರಿಸಿಕೊಳ್ಳುವುದರಲ್ಲಿ ಯಾವ ತಪ್ಪೂ ಇಲ್ಲ, ಹಾಗೆಯೇ 60 ಕಿಲೋಗ್ರಾಂ ತೂಕದ ಪುರುಷನಿಗೆ ಮಹಿಳಾ ಮಾದರಿಯೇ ಹೆಚ್ಚು ಹೊಂದಬಹುದು.

ಕಟ್ಟು: ಹಿಡಿಯುವ ಮತ್ತು ಬಿಡುವ ಯಂತ್ರ

ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಆರಿಗನ್‌ನಲ್ಲಿ ನೆಲೆಸಿದ್ದ ಹ್ಯಾಲ್ಮರ್ ವಾಮ್ 1937ರಲ್ಲಿ ಸ್ಕೀ ಮಾಡುವಾಗ ಕಾಲು ಮುರಿದುಕೊಂಡು ಮಲಗಿದ್ದಾಗ ರೂಪಿಸಿದ ಸೇಫ್-ಸ್ಕೀ ಎಂಬ ಸಾಧನ, ಅಪಾಯದಲ್ಲಿ ತಾನಾಗಿ ಬಿಚ್ಚಿಕೊಳ್ಳುವ ಬೈಂಡಿಂಗ್‌ಗಳ ಆರಂಭವೆಂದು ಗಣನೆಗೆ ಬಂದಿದೆ. ಇಂದಿನ ಬೈಂಡಿಂಗ್‌ನಲ್ಲಿ ಎರಡು ಭಾಗಗಳಿವೆ: ಬೂಟಿನ ಮುಂತುದಿಯನ್ನು ಹಿಡಿಯುವ ಭಾಗ, ಕಾಲು ತಿರುಚಿಕೊಂಡಾಗ ಪಕ್ಕಕ್ಕೆ ತೆರೆಯುತ್ತದೆ, ಹಿಮ್ಮಡಿಯನ್ನು ಹಿಡಿಯುವ ಭಾಗ, ದೇಹ ಮುಂದಕ್ಕೆ ಮುಗ್ಗರಿಸಿದಾಗ ಮೇಲಕ್ಕೆ ತೆರೆಯುತ್ತದೆ. ಇವೆರಡರೊಳಗೂ ಸ್ಪ್ರಿಂಗ್ ಇರುತ್ತದೆ, ಮತ್ತು ಆ ಸ್ಪ್ರಿಂಗನ್ನು ಎಷ್ಟು ಬಿಗಿದಿದೆ ಎಂಬುದನ್ನು ಹೊರಗಿನ ಸಣ್ಣ ಕಿಟಕಿಯಲ್ಲಿ ಕಾಣುವ ಬಿಡುಗಡೆ ಸಂಖ್ಯೆ ಹೇಳುತ್ತದೆ. ಜರ್ಮನಿಯ ಮಾನಕ ಸಂಸ್ಥೆಯ ಹೆಸರಿನಿಂದ ಬಂದ ಡಿನ್ ಎಂಬ ಹೆಸರೇ ಅದಕ್ಕೆ ಬಳಕೆಯಲ್ಲಿ ನಿಂತಿದೆ.

ಈ ಸಂಖ್ಯೆಯನ್ನು ನಿರ್ಧರಿಸುವ ವಿಧಾನ ಐಎಸ್‌ಒ 11088 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿದೆ. ಅದರ ಕೋಷ್ಟಕ ಐದು ವಿಷಯಗಳನ್ನು ಕೇಳುತ್ತದೆ: ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಹಾಗೂ ಸ್ಕೀ ಮಾಡುವ ಶೈಲಿ. ಶೈಲಿಯನ್ನು ಎಚ್ಚರಿಕೆಯ ನಿಧಾನಗತಿ, ಮಧ್ಯಮ, ವೇಗದ ಆಕ್ರಮಣಶೀಲ ಗತಿ ಎಂದು ಮೂರಾಗಿ ವಿಂಗಡಿಸಿದೆ. 50 ವರ್ಷ ತುಂಬಿದವರಿಗೆ ಸಂಖ್ಯೆಯನ್ನು ಒಂದು ಹಂತ ಇಳಿಸಲಾಗುತ್ತದೆ. ಸುಮಾರು 62 ಕಿಲೋಗ್ರಾಂ ತೂಕ, 162 ಸೆಂ.ಮೀ. ಎತ್ತರದ, ಮಧ್ಯಮ ಶೈಲಿಯ, 35 ವರ್ಷದ ಮಹಿಳೆಗೆ ಈ ಲೆಕ್ಕದಲ್ಲಿ 5ರಿಂದ 6ರ ಆಸುಪಾಸಿನ ಸಂಖ್ಯೆ ಬರುತ್ತದೆ.

ಬೂಟಿನ ಅಟ್ಟೆಯ ಉದ್ದ ಈ ಲೆಕ್ಕದೊಳಗೆ ಬರುವುದೇಕೆ ಎಂಬುದನ್ನು ಅರಿಯುವುದು ಮಹಿಳೆಯರಿಗೆ ವಿಶೇಷವಾಗಿ ಉಪಯುಕ್ತ. ಮೂಳೆಯನ್ನು ಮುರಿಯುವುದು ಬಲವೊಂದೇ ಅಲ್ಲ, ಬಲವನ್ನು ದೂರದಿಂದ ಗುಣಿಸಿದಾಗ ಸಿಗುವ ತಿರುಗುಬಲ. ಬಾಗಿಲನ್ನು ತಿರುಗಣಿಯ ಹತ್ತಿರ ತಳ್ಳಿದರೆ ಹೆಚ್ಚು ಬಲ ಬೇಕಾಗುವಂತೆ, ಗಿಡ್ಡ ಬೂಟಿನ ತುದಿಯಲ್ಲಿ ಅದೇ ತಿರುಗುಬಲ ಹುಟ್ಟಲು ಹೆಚ್ಚು ಬಲ ಬೇಕು. 285 ಮಿ.ಮೀ. ಅಟ್ಟೆಯ ಬೂಟಿಗೂ 315 ಮಿ.ಮೀ. ಅಟ್ಟೆಯ ಬೂಟಿಗೂ ಒಂದೇ ತಿರುಗುಬಲದಲ್ಲಿ ಬಿಡುಗಡೆಯಾಗಬೇಕಾದರೆ ಮೊದಲನೆಯದರ ಸ್ಪ್ರಿಂಗ್ ಸುಮಾರು ಶೇಕಡಾ 10ರಷ್ಟು ಹೆಚ್ಚು ಬಿಗಿಯಾಗಿರಬೇಕು. ಆದ್ದರಿಂದ ಅಕ್ಕ ತಂಗಿಯರೇ ಆಗಲಿ, ಒಬ್ಬರ ಸ್ಕೀಯನ್ನು ಇನ್ನೊಬ್ಬರು ಹಾಗೇ ತೊಟ್ಟು ಹೊರಡುವುದು ಸಲ್ಲದು. ಬೂಟು ಬದಲಾದ ಕ್ಷಣವೇ ಸಂಖ್ಯೆಯ ಅರ್ಥವೂ ಬದಲಾಗುತ್ತದೆ.

ಬೈಂಡಿಂಗ್ ಕೊಳ್ಳುವಾಗ ತನ್ನ ಸಂಖ್ಯೆ ಆ ಬೈಂಡಿಂಗ್‌ನ ವ್ಯಾಪ್ತಿಯ ತೀರ ತುದಿಗೆ ಬೀಳದಂತೆ ನೋಡಿಕೊಳ್ಳಬೇಕು. 5.5 ಬೇಕಾದವರಿಗೆ 3ರಿಂದ 10ರವರೆಗಿನ ವ್ಯಾಪ್ತಿಯದು ಸೂಕ್ತ; 6ರಿಂದ ಆರಂಭವಾಗುವ ಸ್ಪರ್ಧಾ ಬೈಂಡಿಂಗ್ ಎಷ್ಟೇ ಬೆಲೆಬಾಳಿದರೂ ಅವರ ಪಾಲಿಗೆ ಅಪಾಯಕಾರಿ. ಸ್ಕೀ ಕಳಚಿಕೊಂಡಾಗ ಅದು ಇಳಿಜಾರಿನಲ್ಲಿ ಓಡಿಹೋಗದಂತೆ ಕೆಳಕ್ಕೆ ಚಾಚಿಕೊಳ್ಳುವ ಬ್ರೇಕ್ ಎಂಬ ಲೋಹದ ಕಡ್ಡಿಗಳ ಅಗಲ ಸ್ಕೀಯ ಸೊಂಟದಷ್ಟೋ ಅದಕ್ಕಿಂತ ಹತ್ತು ಹದಿನೈದು ಮಿ.ಮೀ. ಹೆಚ್ಚೋ ಇರಬೇಕು: 88 ಮಿ.ಮೀ. ಸ್ಕೀಗೆ 90 ಅಥವಾ 100 ಮಿ.ಮೀ. ಬ್ರೇಕ್ ಸರಿ, 115 ಮಿ.ಮೀ. ಬ್ರೇಕ್ ತಿರುವಿನಲ್ಲಿ ಹಿಮಕ್ಕೆ ಸಿಕ್ಕಿಕೊಳ್ಳುತ್ತದೆ.

ಬೂಟಿನ ಅಟ್ಟೆಯ ಬಗೆಯೂ ಹೊಂದಬೇಕು. ಸಪಾಟಾದ ಗಟ್ಟಿ ಅಟ್ಟೆಯ ಸಾಂಪ್ರದಾಯಿಕ ಬೂಟು, ನಡೆಯಲು ಅನುಕೂಲವಾಗುವಂತೆ ರಬ್ಬರಿನಿಂದ ಬಾಗಿಸಿದ ಗ್ರಿಪ್‌ವಾಕ್ ಅಟ್ಟೆಯ ಬೂಟು, ಹಿಮಪರ್ವತವನ್ನು ಕಾಲ್ನಡಿಗೆಯಲ್ಲಿ ಏರುವವರ ಟೂರಿಂಗ್ ಬೂಟು ಈ ಮೂರಕ್ಕೂ ಮಾನಕಗಳು ಬೇರೆಬೇರೆ. ಬೈಂಡಿಂಗ್ ಮೇಲಿನ ಗುರುತು ಬೂಟಿನ ಗುರುತಿಗೆ ತಾಳೆಯಾಗದಿದ್ದರೆ ಬಿಡುಗಡೆಯ ಲೆಕ್ಕವೆಲ್ಲ ವ್ಯರ್ಥ. ಏರುವುದಕ್ಕೆಂದು ಆಸ್ಟ್ರಿಯಾದ ಫ್ರಿಟ್ಸ್ ಬಾರ್ಟೆಲ್ 1980ರ ದಶಕದಲ್ಲಿ ರೂಪಿಸಿದ ಪಿನ್ ಬೈಂಡಿಂಗ್ ಬಹಳ ಹಗುರ, ಆದರೆ ಅದರ ಬಿಡುಗಡೆಯ ಗುಣ ಆಲ್ಪೈನ್ ಬೈಂಡಿಂಗ್‌ನಷ್ಟು ಸಮನಾದುದಲ್ಲ. ಲಿಫ್ಟಿನಲ್ಲೇ ಮೇಲೇರಿ ಇಳಿಯುವವರಿಗೆ ಅದರ ಅಗತ್ಯವಿಲ್ಲ. ಏರುವಾಗ ಪಿನ್ನಿನಂತೆಯೂ ಇಳಿಯುವಾಗ ಆಲ್ಪೈನ್ ಬೈಂಡಿಂಗ್‌ನಂತೆಯೂ ಕೆಲಸ ಮಾಡುವ, 2018ರಲ್ಲಿ ಬಂದ ಸಾಲೊಮನ್ ಶಿಫ್ಟ್‌ನಂಥ ಮಿಶ್ರ ಮಾದರಿಗಳು ಎರಡನ್ನೂ ಬಯಸುವವರಿಗೆ ನಡುದಾರಿ.

ಮಹಿಳೆಯರದೆಂದು ಮಾರುವ ಬೈಂಡಿಂಗ್‌ಗಳಲ್ಲಿ ಬಹುಪಾಲು ಅದೇ ಯಂತ್ರವೇ ಕಡಿಮೆ ವ್ಯಾಪ್ತಿಯ ಸ್ಪ್ರಿಂಗ್ ಮತ್ತು ಬೇರೆ ಬಣ್ಣದೊಂದಿಗೆ ಬಂದಿರುತ್ತದೆ. ಕೆಳಗಿನ ವ್ಯಾಪ್ತಿ ಉಪಯುಕ್ತವಾದುದೇ. ಬಣ್ಣಕ್ಕೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ.

ಮೊಣಕಾಲು: ಕಟ್ಟು ಕಾಯದ ಅಂಗ

ಅಮೆರಿಕದ ವರ್ಮಾಂಟ್ ರಾಜ್ಯದ ಶುಗರ್‌ಬುಶ್ ಎಂಬಲ್ಲಿ ರಾಬರ್ಟ್ ಜಾನ್ಸನ್, ಕಾರ್ಲ್ ಎಟ್ಲಿಂಗರ್ ಮತ್ತು ಜ್ಯಾಸ್ಪರ್ ಶೀಲಿ 1972ರಿಂದ ದಶಕಗಳ ಕಾಲ ಸ್ಕೀ ಗಾಯಗಳ ದಾಖಲೆ ಇಟ್ಟರು. ಬೂಟು ಮತ್ತು ಬೈಂಡಿಂಗ್ ಸುಧಾರಿಸಿದಂತೆ, ಮೊಣಕಾಲಿನ ಕೆಳಗಿನ ದಪ್ಪ ಮೂಳೆಯಾದ ಟಿಬಿಯ ಮುರಿಯುವ ಪ್ರಸಂಗಗಳು ಎರಡು ದಶಕಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಕಡಿಮೆಯಾದುದನ್ನು ಅವರ ದಾಖಲೆ ತೋರಿಸಿತು. ಆದರೆ ಅದೇ ಅವಧಿಯಲ್ಲಿ ಎಸಿಎಲ್ ಎಂದು ಕರೆಯುವ, ಮೊಣಕಾಲಿನೊಳಗೆ ತೊಡೆಯ ಮೂಳೆಯನ್ನೂ ಟಿಬಿಯವನ್ನೂ ಬೆಸೆಯುವ ಮುಂಭಾಗದ ಅಸ್ಥಿರಜ್ಜು ಹರಿಯುವ ಪ್ರಸಂಗಗಳು ಏರಿದವು. ಹವ್ಯಾಸಿ ಸ್ಕೀಯರ್‌ಗಳಲ್ಲಿ ಈ ಗಾಯ ಪುರುಷರಿಗಿಂತ ಮಹಿಳೆಯರಿಗೆ ಎರಡು ಪಟ್ಟಿಗೂ ಮಿಕ್ಕಿ ಆಗುತ್ತದೆಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ, ಮತ್ತು ಮೊಣಕಾಲಿಗೆ ಗಾಯವಾದ ಮಹಿಳೆಯರಲ್ಲಿ ಬೈಂಡಿಂಗ್ ಬಿಚ್ಚಿಕೊಳ್ಳದೆ ಹೋದ ಪ್ರಸಂಗಗಳು ಹೆಚ್ಚೆಂದು ಆಸ್ಟ್ರಿಯಾದ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದ ಸಂಶೋಧಕರು ಗುರುತಿಸಿದ್ದಾರೆ.

ಇದಕ್ಕೆ ಮುಖ್ಯ ಕಾರಣ ಯಂತ್ರದ ಮಿತಿ. ಬೈಂಡಿಂಗ್‌ನ ಮಾನಕಗಳೆಲ್ಲ ಟಿಬಿಯದ ಬಲವನ್ನು ಆಧರಿಸಿವೆ, ಅಸ್ಥಿರಜ್ಜಿನ ಬಲವನ್ನಲ್ಲ. ಸ್ಕೀಯರ್ ಹಿಂದಕ್ಕೆ ಕುಸಿದು, ಸೊಂಟ ಮೊಣಕಾಲಿಗಿಂತ ಕೆಳಗಿಳಿದು, ಇಡೀ ಭಾರ ಕೆಳಬದಿಯ ಸ್ಕೀಯ ಹಿಂತುದಿಯ ಒಳಅಂಚಿನ ಮೇಲೆ ಬಿದ್ದಾಗ, ಆ ಹಿಂತುದಿಯೇ ಹಿಮ್ಮಡಿಯಿಂದ ಹಿಂದಕ್ಕೆ ಚಾಚಿದ ಸನ್ನೆಗೋಲಾಗಿ ಮೊಣಕಾಲನ್ನು ತಿರುಚುತ್ತದೆ. ಆಗ ಬಲ ಹಿಮ್ಮಡಿಯ ಸಮೀಪದಲ್ಲೇ ವರ್ತಿಸುವುದರಿಂದ ಮುಂತುದಿಯ ಭಾಗ ಪಕ್ಕಕ್ಕೆ ತೆರೆಯುವಷ್ಟು ಒತ್ತಡ ಅಲ್ಲಿ ಹುಟ್ಟುವುದಿಲ್ಲ, ಹಿಮ್ಮಡಿಯ ಭಾಗಕ್ಕಾದರೋ ಮೇಲಕ್ಕೆ ಮಾತ್ರ ತೆರೆಯಲು ಗೊತ್ತು. ಹಿಮ್ಮಡಿಯನ್ನೂ ಪಕ್ಕಕ್ಕೆ ಬಿಡುವ ನೀಬೈಂಡಿಂಗ್ ಮತ್ತು ಟಿರೋಲಿಯಾ ಪ್ರೊಟೆಕ್ಟರ್‌ನಂಥ ಮಾದರಿಗಳು ಈ ಕೊರತೆಯನ್ನು ಗುರಿಯಾಗಿಸಿಕೊಂಡು ಬಂದಿವೆ. ಅವುಗಳ ತರ್ಕ ಸರಿಯಾದುದು, ಮೊಣಕಾಲಿಗೆ ಹಿಂದೆ ಪೆಟ್ಟಾಗಿರುವ ಮಹಿಳೆ ಅವುಗಳನ್ನು ಪರಿಗಣಿಸಲೇಬೇಕು, ಆದರೆ ಅಸ್ಥಿರಜ್ಜು ಎಂದೂ ಹರಿಯದೆಂಬ ಭರವಸೆಯನ್ನು ಯಾವ ಯಂತ್ರವೂ ಕೊಡಲಾರದು.

ತರಬೇತಿ ಎಷ್ಟು ಫಲ ಕೊಡಬಲ್ಲದೆಂಬುದಕ್ಕೆ ಅದೇ ವರ್ಮಾಂಟ್ ತಂಡ 1995ರಲ್ಲಿ ಪ್ರಕಟಿಸಿದ ಪ್ರಯೋಗ ಸಾಕ್ಷಿ. ಅಪಾಯದ ಭಂಗಿಯನ್ನು ಗುರುತಿಸಿ ತಪ್ಪಿಸಿಕೊಳ್ಳುವುದನ್ನು ವಿಡಿಯೊ ತೋರಿಸಿ ಕಲಿಸಿದ ಮೇಲೆ, ಸ್ಕೀ ತಾಣಗಳ ರಕ್ಷಕರು ಮತ್ತು ಶಿಕ್ಷಕರಲ್ಲಿ ಗಂಭೀರ ಮೊಣಕಾಲು ಗಾಯಗಳು ಶೇಕಡಾ 62ರಷ್ಟು ಇಳಿದವು. ತೋಳುಗಳನ್ನು ಮುಂದಿಟ್ಟುಕೊಳ್ಳುವುದು, ಎರಡು ಪಾದಗಳನ್ನು ಒಟ್ಟಿಗೆ ತರುವುದು, ಬೀಳುವಾಗ ಕಾಲನ್ನು ಪೂರ್ತಿ ನೀಟಬಾರದೆಂಬುದು, ಜಾರುವುದು ನಿಲ್ಲುವ ಮೊದಲೇ ಎದ್ದು ನಿಲ್ಲಲು ಯತ್ನಿಸಬಾರದೆಂಬುದು ಆ ಪಾಠದ ಸಾರ.

ಆಯ್ಕೆಯ ಕ್ರಮ

ಮೇಲಿನ ವಿಚಾರಗಳಿಂದ ಒಂದು ಕ್ರಮ ಹೊರಡುತ್ತದೆ. ಮೊದಲು ಬೂಟು, ಏಕೆಂದರೆ ಸ್ಕೀಗೆ ತಲುಪುವ ಪ್ರತಿಯೊಂದು ಚಲನೆಯೂ ಅದರ ಮೂಲಕವೇ ಹೋಗಬೇಕು ಮತ್ತು ಬೈಂಡಿಂಗ್‌ನ ಲೆಕ್ಕವೂ ಅದರ ಅಟ್ಟೆಯಿಂದ ಆರಂಭವಾಗುತ್ತದೆ. ಹಣ ಮಿತವಾಗಿದ್ದರೆ ಬೂಟನ್ನು ಸ್ವಂತಕ್ಕೆ ಕೊಂಡು ಸ್ಕೀಯನ್ನು ಬಾಡಿಗೆಗೆ ಪಡೆಯುವುದು ಜಾಣತನ. ನಂತರ ವರ್ಷದಲ್ಲಿ ಹೆಚ್ಚು ದಿನ ಎಂಥ ಹಿಮದ ಮೇಲೆ ಇರಲಿದ್ದಾರೆಂಬುದನ್ನು ಆಸೆಯಿಂದಲ್ಲ, ವಾಸ್ತವದಿಂದ ನಿರ್ಧರಿಸಿ ಅದರಂತೆ ಸೊಂಟದಳತೆ, ಬಳಿಕ ತೂಕ ಮತ್ತು ವೇಗಕ್ಕೆ ತಕ್ಕ ಉದ್ದ ಹಾಗೂ ಬಿಗಿ, ಕೊನೆಗೆ ಬೂಟಿಗೂ ಸೊಂಟದಳತೆಗೂ ಬಿಡುಗಡೆ ಸಂಖ್ಯೆಗೂ ಹೊಂದುವ ಬೈಂಡಿಂಗ್. ಸಾಧ್ಯವಾದೆಡೆ ಒಂದೇ ದಿನ ಎರಡು ಮೂರು ಜೋಡಿಗಳನ್ನು ಬಾಡಿಗೆಗೆ ಪಡೆದು ಹೋಲಿಸಿದರೆ ಯಾವ ಪಟ್ಟಿಯೂ ಹೇಳದ ಸಂಗತಿಗಳನ್ನು ಕಾಲೇ ಹೇಳುತ್ತದೆ.

ಬೈಂಡಿಂಗನ್ನು ತರಬೇತಿ ಪಡೆದ ತಂತ್ರಜ್ಞರೇ ಕೂರಿಸಿ, ತಿರುಗುಬಲವನ್ನು ಅಳೆಯುವ ಯಂತ್ರದಲ್ಲಿ ಪರೀಕ್ಷಿಸಿ ಕೊಡಬೇಕು. ಪ್ರತಿ ಋತುವಿನ ಆರಂಭದಲ್ಲೂ, ಬೂಟು ಬದಲಾದಾಗಲೂ, ತೂಕ ಗಣನೀಯವಾಗಿ ಏರುಪೇರಾದಾಗಲೂ ಆ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು. ಗುಲ್ಮಾರ್ಗ್‌ನಲ್ಲಾಗಲಿ, ಆಲ್ಪ್ಸ್‌ನಲ್ಲಾಗಲಿ, ಅಮೆರಿಕದ ಯಾವುದೇ ಪರ್ವತದಲ್ಲಾಗಲಿ, ಬಾಡಿಗೆಯ ಸ್ಕೀ ಪಡೆಯುವ ಮಹಿಳೆ ತನ್ನ ತೂಕವನ್ನೂ ಅನುಭವವನ್ನೂ ಸಂಕೋಚವಿಲ್ಲದೆ ಇದ್ದಂತೆಯೇ ಹೇಳಬೇಕು, ಬಿಡುಗಡೆ ಸಂಖ್ಯೆಯನ್ನು ಕೇಳಿ ತಿಳಿದುಕೊಳ್ಳಬೇಕು, ಮತ್ತು ಆ ಸಂಖ್ಯೆಯನ್ನು ಎಲ್ಲರಿಗೂ ಒಂದೇ ಎಂಬಂತೆ ಇಡುವ ಅಂಗಡಿಯಿಂದ ಸ್ಕೀ ಪಡೆಯದೆ ಹಿಂದಿರುಗಬೇಕು.